ಸ್ವಾಸ್ಥ್ಯ: ಬ್ಯಾನರಿನವರು ಹಾಳು ಮಾಡಿದ ಪದ

ದಾವಣಗೆರೆಯಲ್ಲಿ ಮೊನ್ನೆ ಇನ್ನೊಂದು ಬ್ಯಾನರ್ ಕಂಡಿತು, 'ಮಾಜಿ ಸೈನಿಕರಿಗೆ ಸ್ವಾಸ್ಥ್ಯ ಶಿಬಿರ'. ಒಳಗೆ ಬಿಪಿ, ಶುಗರ್ ನೋಡಿ, ಬಾಳೆಹಣ್ಣು ಕೊಟ್ಟು ಕಳಿಸುತ್ತಿದ್ದರು. ಒಳ್ಳೆಯ ಕೆಲಸವೇ. ಆದರೆ ಅದು ಆರೋಗ್ಯ ತಪಾಸಣೆ, ಹಾಗಂತಲೇ ಬರೆಸಬಹುದಿತ್ತು ಅಲ್ವಾ?

ಆರೋಗ್ಯ ಅಂದರೆ ರೋಗ ಇಲ್ಲದಿರುವುದು, ಅಷ್ಟೇ. ಸ್ವಾಸ್ಥ್ಯ ಬಂದದ್ದು 'ಸ್ವಸ್ಥ'ದಿಂದ. ಸ್ವ ಅಂದರೆ ತಾನು, ಸ್ಥ ಅಂದರೆ ನಿಂತಿರುವ. ಗೃಹಸ್ಥ ಮನೆಯಲ್ಲಿ ನಿಂತವನು, ಮಧ್ಯಸ್ಥ ನಡುವೆ ನಿಂತವನು, ಸ್ವಸ್ಥ ತನ್ನಲ್ಲೇ ತಾನು ನಿಂತವನು. ಹಾಗಾಗಿ ಶುಗರ್ ಇದ್ದವನೂ ಸ್ವಸ್ಥನಾಗಿರಬಹುದು, ರಿಪೋರ್ಟೆಲ್ಲ ನಾರ್ಮಲ್ ಬಂದವನು ಆಗದೆಯೂ ಇರಬಹುದು. ನಾವೋ, ಇಷ್ಟು ಒಳ್ಳೆ ಪದಕ್ಕೆ ಒಂದು 'ಅ' ಅಂಟಿಸಿ 'ಮಾನಸಿಕ ಅಸ್ವಸ್ಥ' ಅಂತ ಬೈಗುಳ ಮಾಡಿಕೊಂಡೆವು.

ಪಿಟಿಎಸ್‌ಡಿ ಅಂದರೆ ಯುದ್ಧದಂಥ ಭೀಕರ ಅನುಭವ ಮುಗಿದ ಮೇಲೂ ಮನಸ್ಸನ್ನು ಬಿಡದೆ ಕಾಡುವ ಕಾಯಿಲೆ. ಅದು ಇರುವ ಸೈನಿಕನ ಕಷ್ಟವನ್ನು ಸ್ವಸ್ಥ ಅನ್ನುವ ಪದ ಸರಿಯಾಗಿ ಹಿಡಿಯುತ್ತದೆ. ದೀಪಾವಳಿ ಪಟಾಕಿ ಸಿಡಿದರೆ ಅವನು ಚಿತ್ರದುರ್ಗದ ತನ್ನ ಮನೆ ಜಗಲಿಯಲ್ಲಿ ಇರುವುದಿಲ್ಲ, ಗಡಿಯಲ್ಲಿರುತ್ತಾನೆ. ಹೋಟೆಲಿನಲ್ಲಿ, ಯಾರು ಒಳಗೆ ಬರುತ್ತಾರೋ ಅನ್ನುವ ಎಚ್ಚರದಲ್ಲಿ, ಬಾಗಿಲ ಕಡೆ ಮುಖ ಮಾಡಿಯೇ ಕೂರುತ್ತಾನೆ. ಮೊದಲ ಮಹಾಯುದ್ಧದಲ್ಲಿ ಇದನ್ನು ಶೆಲ್ ಶಾಕ್ ಅಂದರು. ಆಗ ಓಡಿಹೋದವರು, ಹೇಡಿಗಳು ಅಂತೆಲ್ಲ ಬ್ರಿಟನ್ ಗುಂಡಿಟ್ಟು ಕೊಂದ 306 ಸೈನಿಕರಿಗೆ ಕ್ಷಮೆ ಸಿಕ್ಕಿದ್ದು 2006ರಲ್ಲಿ! ಅಮೆರಿಕದ ಮನೋವೈದ್ಯರ ಕೈಪಿಡಿಗೆ ಈಗಿನ ಹೆಸರು ಸೇರಿದ್ದು 1980ರಲ್ಲಿ, ವಿಯೆಟ್ನಾಂನಿಂದ ಮರಳಿದವರು ಪಟ್ಟು ಹಿಡಿದ ಮೇಲೆ. ಬೆಣ್ಣೆ ದೋಸೆಗೆ ಅರ್ಧ ಗಂಟೆ ಕಾದು 'ಪಿಟಿಎಸ್‌ಡಿ ಬಂತು ಕಣಲೇ' ಅನ್ನುವ ಹುಡುಗರಿಗೆ ಬಂದದ್ದು ಹಸಿವು.

ಇನ್ನು ಸ್ವಾಸ್ಥ್ಯ ಗುಂಪು, ಅಂದರೆ ಇಂಥ ಕಷ್ಟ ಇರುವ ಸೈನಿಕರು ಸೇರಿ ಒಬ್ಬರಿಗೊಬ್ಬರು ಆಸರೆಯಾಗುವ ಕೂಟ. ಎಲ್ಲರೂ ಸುತ್ತ ಕೂತು, ಕಂಡದ್ದನ್ನೆಲ್ಲ ಹೇಳಿ ಅಳಬೇಕು ಅಂದುಕೊಂಡವರೇ ಜಾಸ್ತಿ. ನಡೆದದ್ದನ್ನು ಮತ್ತೆ ಬಿಚ್ಚುವ ಚಿಕಿತ್ಸೆ ಬೇರೆ ಇದೆ, ಅದಕ್ಕೆ ತರಬೇತಿ ಪಡೆದವರೇ ಬೇಕು. ಗುಂಪಿನ ಮಾತು ಇವತ್ತಿನದು: ನಿದ್ದೆ ಬಂತಾ, ಸಿಟ್ಟು ಏರಿದಾಗ ಉಸಿರು ನಿಧಾನ ಮಾಡಿದೆಯಾ, ಕುಡಿತ ಎಷ್ಟಾಯಿತು, ಬೆಳಿಗ್ಗೆ ವಾಕಿಂಗ್ ಹೋದೆಯಾ. ಸುಮ್ನೆ ಕೂತರೂ ನಡೆಯುತ್ತದೆ. ಪಕ್ಕದವನೂ ಬಾಗಿಲ ಕಡೆ ಮುಖ ಮಾಡಿ ಕೂತಿದ್ದಾನೆ ಅಂದರೆ, ಯಾಕೆ ಅಂತ ಅವನಿಗೆ ವಿವರಿಸಬೇಕಿಲ್ಲ, ಮನೆಯವರಿಗೆ ವರ್ಷಗಟ್ಟಲೆ ವಿವರಿಸಿ ಸೋತವನಿಗೆ ಅದೇ ದೊಡ್ಡ ಆರಾಮ. ಡಾಕ್ಟರ ಬದಲು ಗುಂಪಿಗೆ ಬನ್ನಿ ಅಂತಲ್ಲ, ಎರಡೂ ಜೊತೆಗೆ ನಡೆಯಬೇಕು.

ಹತ್ತಿರ ಗುಂಪಿಲ್ಲದವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ, 14416. ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಮುಂದಿನ ಬ್ಯಾನರಿನಲ್ಲಿ ಬಾಳೆಹಣ್ಣಿನ ಜೊತೆ ಆ ನಂಬರನ್ನಾದರೂ ಹಾಕಿಸಿ.