ಹಾರವನ್ನು ಮಗುಚಿ ನೋಡಿ

ಅಡಿಕೆ ಸುಲಿದು, ಮಾರಿ, ಹಣ ಕೈಗೆ ಬರುವ ಹೊತ್ತಿಗೆ ಮೇ ತಿಂಗಳ ಮದುವೆಗಳು ಹತ್ತಿರವಾಗಿರುತ್ತವೆ. ಕಾಸರಗೋಡಿನಲ್ಲಿ ಒಡವೆ ಪರೀಕ್ಷಿಸುವ ನನ್ನ ಪುಟ್ಟ ಕೋಣೆಗೆ ಹಳೆಯ ವಜ್ರದ ಹಾರಗಳು ಹೆಚ್ಚಾಗಿ ಬರುವುದು ಆಗಲೇ. ಈ ಸಲ ಬದಿಯಡ್ಕ ಕಡೆಯಿಂದ ಒಬ್ಬ ತಾಯಿ ಮತ್ತು ಮಗಳು ಬಂದರು. ಬೇರೊಂದು ಊರಿನ ಅಂಗಡಿಯಲ್ಲಿ ಹಾರ ಮೆಚ್ಚಿ, ಮುಂಗಡ ಕೊಟ್ಟು, ಎರಡು ದಿನದ ಮಟ್ಟಿಗೆ ತೋರಿಸಿ ತರುತ್ತೇವೆಂದು ಕೇಳಿಕೊಂಡು ತಂದಿದ್ದರು. ನೂರಿಪ್ಪತ್ತು ವರ್ಷ ಹಳೆಯದಂತೆ, ಯಾವುದೋ ಅರಮನೆಯಿಂದ ಬಂದದ್ದಂತೆ. ಮಖಮಲ್ಲಿನ ಪೆಟ್ಟಿಗೆ ಮಾಸಿತ್ತು. ಚಿನ್ನ ಅಲ್ಲಲ್ಲಿ ಕಪ್ಪಾಗಿತ್ತು. ಮುಂದಿನಿಂದ ನೋಡಿದರೆ ಹಳೆಯದೇ.

ನಾನು ಅದನ್ನು ಬಟ್ಟೆಯ ಮೇಲೆ ಮಗುಚಿ ಹಾಕಿದೆ. ಹತ್ತು ಪಟ್ಟು ದೊಡ್ಡದಾಗಿ ಕಾಣಿಸುವ ಮಸೂರದಲ್ಲಿ ಹಿಂಬದಿಯ ಚಿನ್ನ ರೊಟ್ಟಿಯ ಮೈಯಂತೆ ಸಣ್ಣ ಸಣ್ಣ ತೂತುಗಳಿಂದ ತುಂಬಿತ್ತು. ಅದು ಮೇಣದ ಅಚ್ಚಿನಲ್ಲಿ ಎರಕ ಹೊಯ್ದ ಕೆಲಸದ ಗುರುತು. ಕೊಂಡಿಯ ಒಳಮೈಯಲ್ಲಿ ಲೇಸರ್‌ನಿಂದ ಕೊರೆದ ಆರು ಅಕ್ಷರ, ಅಂಕಿಗಳ ಎಚ್‌ಯುಐಡಿ ಇತ್ತು. ಹಾಲ್‌ಮಾರ್ಕ್ ಮುದ್ರೆಯ ಜೊತೆಗೆ ಪ್ರತಿ ಒಡವೆಗೂ ಕೊಡುವ ಈ ಗುರುತು ಸಂಖ್ಯೆಯ ಪದ್ಧತಿ ನಮ್ಮಲ್ಲಿ ಬಂದದ್ದೇ 2021ರಲ್ಲಿ. ಹಳೆಯ ಒಡವೆಯನ್ನು ಮರುಮಾರಾಟಕ್ಕೆ ಒಯ್ಯುವಾಗ ಹೊಸದಾಗಿ ಮುದ್ರೆ ಹಾಕಿಸಬಹುದು, ಆದ್ದರಿಂದ ಮುದ್ರೆಯೊಂದನ್ನೇ ನೋಡಿ ತೀರ್ಪು ಕೊಡಬಾರದು. ಆದರೆ ಕಪ್ಪು ಬಣ್ಣ ಉಜ್ಜುವ ಜಾಗದಲ್ಲಿ ಹೋಗಿರದೆ, ಉಜ್ಜದ ಜಾಗದಲ್ಲಿ ಸೇರಿರದೆ, ಎಲ್ಲೆಡೆ ಒಂದೇ ಹದದಲ್ಲಿತ್ತು. ರಾಸಾಯನಿಕದಲ್ಲಿ ಅದ್ದಿ ತೆಗೆದದ್ದು. ಮೂರು ನಾಲ್ಕು ವರ್ಷ ಹಿಂದೆ ಮಾಡಿದ ಹಾರವೆಂದು ಹೇಳಿದಾಗ ಮಗಳು ಸುಮ್ಮನೆ ಪೆಟ್ಟಿಗೆ ಮುಚ್ಚಿದಳು.

ಇಲ್ಲಿ ಪದಗಳೇ ಜನರನ್ನು ದಾರಿ ತಪ್ಪಿಸುತ್ತವೆ. ನಮ್ಮ ಅಂಗಡಿಗಳಲ್ಲಿ ‘ಆಂಟಿಕ್’ ಎಂದರೆ ಮೆರುಗು ತಗ್ಗಿಸಿದ ಹೊಸ ಒಡವೆ. ‘ವಿಕ್ಟೋರಿಯನ್’ ಎಂದರೆ ಬೆಳ್ಳಿಗೆ ಕಪ್ಪು ಬಣ್ಣ ಕೊಟ್ಟ ಹೊಸ ಮಾದರಿ. ವಿಕ್ಟೋರಿಯಾ ರಾಣಿ ತೀರಿಕೊಂಡದ್ದು 1901ರಲ್ಲಿ. ಜಗತ್ತಿನ ಆಭರಣ ವ್ಯಾಪಾರದಲ್ಲಿ ಆಂಟಿಕ್ ಎಂದು ಕರೆಯಬೇಕಾದರೆ ನೂರು ವರ್ಷ ದಾಟಿರಬೇಕು. ಅದಕ್ಕಿಂತ ಈಚಿನ, ಆದರೆ ಎರಡು ಮೂರು ದಶಕವಾದರೂ ಹಳೆಯದಾದದ್ದು ವಿಂಟೇಜ್. ನೀವು ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಆಂಟಿಕ್ ಎಂದರೆ ಕಾಲವೋ, ಬಣ್ಣವೋ? ಉತ್ತರವನ್ನು ಬಿಲ್ಲಿನಲ್ಲಿ ಬರೆದುಕೊಡಲು ಹೇಳಿ. ಕಾಲವೆಂದು ಬರೆಯಲು ಒಪ್ಪದವರ ಹತ್ತಿರ ಹಳೆಯದಕ್ಕೆ ಕೊಡುವ ಬೆಲೆ ಕೊಡಬೇಡಿ.

ನಿಜವಾದ ಹಳೆಯ ಹಾರದ ಬೆನ್ನು ಬೇರೆಯೇ. ನಮ್ಮ ಕಡೆಯ ಅಡ್ಡಿಗೆ ಎಂಬ ಕುತ್ತಿಗೆಯ ಹಾರ, ಪದಕಗಳಲ್ಲಿ ಹರಳಿನ ಹಿಂಬದಿ ಚಿನ್ನದ ತಗಡಿನಿಂದ ಪೂರ್ತಿ ಮುಚ್ಚಿರುತ್ತದೆ. ಒಳಗೆ ಹೊಳಪಿನ ಹಾಳೆ, ಅದರ ಕೆಳಗೆ ಅರಗು, ಸುತ್ತ ಕುಂದಣ, ಅಂದರೆ ಅಪ್ಪಟ ಚಿನ್ನದ ತೆಳು ಹಾಳೆ, ಒತ್ತಿ ಹರಳನ್ನು ಹಿಡಿಸಿರುತ್ತಾರೆ. ಅಕ್ಕಸಾಲಿಗರು ಇದನ್ನು ಮುಚ್ಚು ಕಟ್ಟಡ ಎನ್ನುತ್ತಾರೆ. ಅರದ ಗೀರುಗಳು ಕಾಣುತ್ತವೆ, ಎಡದ ಎಲೆಗೂ ಬಲದ ಎಲೆಗೂ ಕೂದಲೆಳೆಯಷ್ಟು ವ್ಯತ್ಯಾಸ ಇರುತ್ತದೆ, ಕುತ್ತಿಗೆಗೆ ತಾಗುವ ಉಬ್ಬುಗಳು ಸವೆದು ನುಣುಪಾಗಿರುತ್ತವೆ. ಹಾರವನ್ನು ಜೋಡಿಸುವ ಸಣ್ಣ ಬಳೆ, ಕೊಂಡಿಗಳು ಒಂದಕ್ಕೊಂದು ಉಜ್ಜಿ ಉಜ್ಜಿ ತೆಳುವಾಗಿರುತ್ತವೆ. ಈ ಸವೆತವನ್ನು ನಕಲು ಮಾಡುವುದು ಕಷ್ಟ. ಏಕೆಂದರೆ ಅದು ದೇಹ ತಾಗಿದಲ್ಲಿ ಮಾತ್ರ ಆಗುವಂಥದ್ದು. ಬೂದು ಬಣ್ಣದ ಸೀಸದ ಬೆಸುಗೆ ಕಂಡರೆ ಯಾರೋ ಅವಸರದ ರಿಪೇರಿ ಮಾಡಿದ್ದಾರೆಂದು ತಿಳಿಯಿರಿ. ಬೆಲೆಯನ್ನು ಅದು ಇಳಿಸುತ್ತದೆ. ಯುರೋಪಿನ ಕೆಲಸದಲ್ಲಿ ಹತ್ತೊಂಬತ್ತನೆಯ ಶತಮಾನದ ವಜ್ರಗಳನ್ನು ಬೆಳ್ಳಿಯಲ್ಲಿ ಕೂರಿಸಿ ಹಿಂದೆ ಚಿನ್ನ ಕೊಟ್ಟಿರುತ್ತಿದ್ದರು. 1900ರ ನಂತರ ಪ್ಲಾಟಿನಂ ಬಂತು, ಬಿಳಿ ಚಿನ್ನ ಹೆಚ್ಚು ಬಳಕೆಗೆ ಬಂದದ್ದು ಮೊದಲ ಮಹಾಯುದ್ಧದ ಈಚೆಗೆ. ಬಿಳಿ ಚಿನ್ನದ ಹಾರವನ್ನು 1880ರದ್ದೆಂದು ಹೇಳಿದರೆ ಅಲ್ಲಿಗೇ ಮಾತು ಮುಗಿಯಿತು.

ಮುಚ್ಚು ಕಟ್ಟಡದ ಬಗ್ಗೆ ನನ್ನದೇ ಒಂದು ತಪ್ಪನ್ನು ಹೇಳಲೇಬೇಕು. ಕೆಲಸ ಕಲಿತ ಹೊಸತರಲ್ಲಿ, ನೀರ್ಚಾಲಿನ ಹಿರಿಯರೊಬ್ಬರ ಅಡ್ಡಿಗೆಯನ್ನು ಶುಚಿಗೊಳಿಸಲೆಂದು ಅಲ್ಟ್ರಾಸಾನಿಕ್ ಯಂತ್ರದ ನೀರಿಗೆ ಹಾಕಿದೆ. ಹತ್ತು ನಿಮಿಷದಲ್ಲಿ ಹೊರತೆಗೆದಾಗ ನಾಲ್ಕು ಹರಳುಗಳು ಸತ್ತಂತೆ ಬೂದು ಬಣ್ಣಕ್ಕೆ ತಿರುಗಿದ್ದವು. ವಜ್ರಕ್ಕೆ ಏನೂ ಆಗಿರಲಿಲ್ಲ. ಒಳಗೆ ನೀರು ಹೋಗಿ ಹಾಳೆ ಕಪ್ಪಿಟ್ಟಿತ್ತು. ಎಂಬತ್ತು ವರ್ಷ ಮೂರು ತಲೆಮಾರು ಕಾಪಾಡಿದ್ದ ಹೊಳಪನ್ನು ನಾನು ಹತ್ತು ನಿಮಿಷದಲ್ಲಿ ಕಳೆದಿದ್ದೆ. ಆ ಹಾಳೆಯನ್ನು ಬದಲಿಸಿದೆವು, ಆದರೆ ಹಳೆಯ ಕುಂದಣ ಬಿಚ್ಚಿದ ಮೇಲೆ ಅದು ಮೊದಲಿನ ಒಡವೆಯಾಗಿ ಉಳಿಯಲಿಲ್ಲ. ಅಂದಿನಿಂದ ಇಂಥ ಹಾರಗಳನ್ನು ಒಣಗಿದ ಮೆತ್ತನೆಯ ಬಟ್ಟೆಯಲ್ಲಿ ಒರೆಸುತ್ತೇನೆ, ಅಷ್ಟೇ. ನೀವು ಕೊಳ್ಳುವಾಗಲೂ ಪ್ರತಿ ಹರಳನ್ನು ಬೇರೆ ಬೇರೆಯಾಗಿ ನೋಡಿ. ಸಾಲಿನ ನಡುವೆ ಒಂದೆರಡು ಮಂಕಾಗಿದ್ದರೆ ಒಳಗೆ ನೀರು ಸೇರಿದೆ.

ಇನ್ನು ಕಲ್ಲಿನ ಕಡೆಗೆ ಬರೋಣ. ಇಂದಿನ ದುಂಡು ವಜ್ರಕ್ಕೆ 57 ಮುಖಗಳು. ಅದರ ಅಳತೆಗಳನ್ನು ವಜ್ರ ಕಡಿಯುವ ಮನೆತನದ ಎಂಜಿನಿಯರ್ ಮಾರ್ಸೆಲ್ ಟೋಲ್ಕೋವ್ಸ್ಕಿ ಗಣಿತದಿಂದ ಲೆಕ್ಕ ಹಾಕಿ ಪ್ರಕಟಿಸಿದ್ದು 1919ರಲ್ಲಿ. ಅದಕ್ಕಿಂತ ಹಿಂದಿನ ಕಲ್ಲುಗಳನ್ನು ಸಾಣೆಗಾರರು ಕಣ್ಣಳತೆಯಲ್ಲಿ, ಕಚ್ಚಾ ಕಲ್ಲಿನ ತೂಕ ಉಳಿಯುವಂತೆ ಉಜ್ಜಿದರು. ‘ಓಲ್ಡ್ ಮೈನ್ ಕಟ್’ ಎಂಬುದು ಮೂಲೆ ದುಂಡಾದ ಚೌಕ. ಮೇಲಿನ ಸಮತಲ ಚಿಕ್ಕದು, ಗೋಪುರ ಎತ್ತರ, ಬುಡದ ತುದಿಯನ್ನೂ ಚಪ್ಪಟೆ ಮಾಡಿರುತ್ತಾರೆ. ಮೇಲಿನಿಂದ ನೋಡಿದರೆ ಕಲ್ಲಿನ ನಟ್ಟನಡುವೆ ಸೂಜಿಯಲ್ಲಿ ಚುಚ್ಚಿದಂತೆ ಒಂದು ಕಣ್ಣು ಕಾಣುತ್ತದೆ. ಬಂದವರು ಇದನ್ನು ದೋಷವೆಂದು ಹೆದರುತ್ತಾರೆ. ನನಗೋ ಆ ಕಣ್ಣು ಕಂಡರೆ ಸಂತೋಷ. ‘ರೋಸ್ ಕಟ್’ ಎಂದರೆ ಕೆಳಗೆ ಚಪ್ಪಟೆ, ಮೇಲೆ ತ್ರಿಕೋನ ಮುಖಗಳ ಗುಮ್ಮಟ.

ಇವುಗಳನ್ನು ಅಂಗಡಿಯ ಎಲ್‌ಇಡಿ ದೀಪಗಳ ಕೆಳಗೆ ನೋಡಬೇಡಿ, ಅಲ್ಲಿ ಗಾಜೂ ಮಿನುಗುತ್ತದೆ. ಕಿಟಕಿಯ ಬಳಿ ನೋಡಿ, ಆಮೇಲೆ ಸಾಧ್ಯವಾದರೆ ಒಂದು ಹಣತೆಯ ಬೆಳಕಿನಲ್ಲಿ ನೋಡಿ. ಹಳೆಯ ಕಡಿತದ ಮುಖಗಳು ದೊಡ್ಡವು, ಕಡಿಮೆ ಬೆಳಕಿನಲ್ಲೂ ಕೆಂಪು, ನೀಲಿ ಕಿಡಿಗಳನ್ನು ನಿಧಾನವಾಗಿ ಎಸೆಯುತ್ತವೆ. ಕಾಲುದೀಪ ಹಚ್ಚಿದ ಚಾವಡಿಯಲ್ಲಿ ತೊಡಲೆಂದು ಮಾಡಿದ ಕಲ್ಲುಗಳವು. ಅವನ್ನು ಇಂದಿನ ಅಳತೆಗೋಲಿನಿಂದ ಅಳೆದು ‘ಕಟ್ ಸರಿ ಇಲ್ಲ’ ಎಂದು ಬೆಲೆ ಇಳಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಹೊಸ ರೀತಿಗೆ ಮತ್ತೆ ಕಡಿಯಿಸಿ ಎಂದು ಸಲಹೆ ಕೊಡುವವರೂ ಇದ್ದಾರೆ. ಕಡಿದರೆ ತೂಕ ಹೋಗುತ್ತದೆ, ಕಾಲವೂ ಹೋಗುತ್ತದೆ.

ನಮ್ಮ ಕಡೆ ಅಜ್ಜಿಯಂದಿರ ಬಾಯಲ್ಲಿ ‘ಬ್ಲೂ ಜಾಗರ್’ ಎಂಬ ಮಾತು ಇಂದಿಗೂ ಇದೆ. ಅದು ದಕ್ಷಿಣ ಆಫ್ರಿಕಾದ ಜಾಗರ್ಸ್‌ಫಾಂಟೇನ್ ಗಣಿಯ ಹೆಸರು. 1870ರಲ್ಲಿ ಅಲ್ಲಿ ವಜ್ರ ಸಿಕ್ಕಿತು, 1893ರಲ್ಲಿ 995 ಕ್ಯಾರೆಟ್‌ನ ಎಕ್ಸೆಲ್ಸಿಯರ್ ದೊರೆತದ್ದೂ ಅಲ್ಲಿಯೇ. ನೀಲಿ ಛಾಯೆಯ ಬಿಳಿ ಕಲ್ಲುಗಳಿಗೆ ಆ ಗಣಿ ಹೆಸರಾಗಿತ್ತು. 1971ರಲ್ಲಿ ಅದು ಮುಚ್ಚಿತು. ಆದ್ದರಿಂದ ಇಂದು ಹೊಸ ಕಲ್ಲನ್ನು ತೋರಿಸಿ ಬ್ಲೂ ಜಾಗರ್ ಎಂದರೆ ಅದು ಗುಣದ ಹೆಸರು ಮಾತ್ರ, ಹುಟ್ಟಿದ ಊರಲ್ಲ. ಆ ನೀಲಿ ಬಹಳ ಸಲ ಸೂರ್ಯನ ಬೆಳಕಿನಲ್ಲಿರುವ ಅತಿನೇರಳೆ ಕಿರಣಕ್ಕೆ ಕಲ್ಲು ಪ್ರತಿಸ್ಪಂದಿಸುವುದರಿಂದ ಬರುವಂಥದ್ದು. ಗೋಲ್ಕೊಂಡದ ಹೆಸರೂ ಹಾಗೆಯೇ. ಗೋಲ್ಕೊಂಡ ಪೇಟೆಯಾಗಿತ್ತು, ಕಲ್ಲು ಬರುತ್ತಿದ್ದದ್ದು ಕೃಷ್ಣಾ ತೀರದ ಕೊಲ್ಲೂರಿನಂಥ ಗಣಿಗಳಿಂದ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ನಮ್ಮ ಒಡವೆಗಳಿಗೆ ಆಫ್ರಿಕಾದ ಕಲ್ಲುಗಳು ಬರತೊಡಗಿದ್ದವು. ಪ್ರಯೋಗಾಲಯ ‘ಟೈಪ್ 2ಎ’ ಎಂದು ಬರೆದುಕೊಟ್ಟರೆ ಸಾರಜನಕ ಇಲ್ಲದಷ್ಟು ಶುದ್ಧ ಎಂದು ಅರ್ಥ, ಗೋಲ್ಕೊಂಡದ್ದು ಎಂದಲ್ಲ. ಬೇರೆ ದೇಶದ ಗಣಿಗಳ ಕಲ್ಲೂ, ಯಂತ್ರದಲ್ಲಿ ಬೆಳೆಸಿದ ಸಿವಿಡಿ ವಜ್ರವೂ ಅದೇ ಗುಂಪಿಗೆ ಬರುತ್ತವೆ.

ಯಂತ್ರದಲ್ಲಿ ಬೆಳೆಸಿದ ವಜ್ರಗಳೇ ಈಗಿನ ದೊಡ್ಡ ತಲೆನೋವು. ಪೆನ್ನಿನಂಥ ಉಪಕರಣ ತಾಗಿಸಿ ‘ಬೀಪ್’ ಎಂದಾಗ ಗ್ರಾಹಕರು ನೆಮ್ಮದಿಪಡುತ್ತಾರೆ. ಅದು ಶಾಖ ಎಷ್ಟು ಬೇಗ ಹರಿಯುತ್ತದೆ ಎಂಬುದನ್ನು ಮಾತ್ರ ಅಳೆಯುತ್ತದೆ. ಬೆಳೆಸಿದ ವಜ್ರವೂ ವಜ್ರವೇ ಆದ್ದರಿಂದ ಹಾಗೆಯೇ ಕೂಗುತ್ತದೆ. 1998ರ ಸುಮಾರಿಗೆ ಮಾರುಕಟ್ಟೆಗೆ ಬಂದ ಮೊಯ್ಸನೈಟ್ ಕೂಡ ಆ ಪೆನ್ನನ್ನು ಮೋಸಗೊಳಿಸುತ್ತದೆ. ಮೊಯ್ಸನೈಟ್‌ನಲ್ಲಿ ಓರೆಯಾಗಿ ಮಸೂರ ಹಿಡಿದರೆ ಹಿಂದಿನ ಮುಖಗಳ ಅಂಚು ಜೋಡಿಯಾಗಿ ಕಾಣುತ್ತದೆ, ವಜ್ರದಲ್ಲಿ ಹಾಗೆ ಕಾಣುವುದಿಲ್ಲ. ನಾನು ಹಾರವನ್ನಿಡೀ ಕತ್ತಲಲ್ಲಿ ಅತಿನೇರಳೆ ದೀಪದ ಕೆಳಗೆ ಇಡುತ್ತೇನೆ. ನೆಲದಿಂದ ಬಂದ ಇಪ್ಪತ್ತು ಮೂವತ್ತು ಕಲ್ಲುಗಳು ಸೇರಿದಾಗ ಒಂದು ಗಾಢ ನೀಲಿ, ಒಂದು ತಿಳಿ ನೀಲಿ, ಮತ್ತೊಂದು ಏನೂ ಇಲ್ಲ, ಹೀಗೆ ಏರುಪೇರಾಗಿ ಹೊಳೆಯುತ್ತವೆ. ಎಲ್ಲವೂ ಒಂದೇ ತರಹ ಕಂಡರೆ ನನ್ನ ಅನುಮಾನ ಏಳುತ್ತದೆ, ಪ್ರಯೋಗಾಲಯಕ್ಕೆ ಕಳುಹಿಸುತ್ತೇನೆ. ಹಳೆಯ ಕಡಿತದ ಸಾಲಿನಲ್ಲಿ ಒಂದೇ ಒಂದು ಇಂದಿನ ಅಳತೆಯ ದುಂಡು ಕಲ್ಲು ಸಿಕ್ಕಿದರೆ ಅದು ಬದಲಿ ಹಾಕಿದ್ದು. ಬದಲಿ ತಪ್ಪಲ್ಲ, ಮುಚ್ಚಿಡುವುದು ತಪ್ಪು.

ಪಕ್ಕದ ಕೆಂಪು ಕಲ್ಲುಗಳನ್ನೂ ನೋಡಿ. ಕೃತಕ ಮಾಣಿಕ್ಯ ಹೊಸ ಕಾಲದ್ದೆಂದು ಜನ ತಿಳಿಯುತ್ತಾರೆ. ವೆರ್ನೆಯ್ಲ್ ಎಂಬ ಫ್ರೆಂಚ್ ವಿಜ್ಞಾನಿ ಬೆಂಕಿಯಲ್ಲಿ ಅದನ್ನು ಮಾಡುವ ಕ್ರಮವನ್ನು 1902ರಲ್ಲಿ ಪ್ರಕಟಿಸಿದ ಮೇಲೆ ಜಗತ್ತಿಡೀ ಅದು ಹರಡಿತು. 1920ರ ದಶಕದ ಅಪ್ಪಟ ಹಾರದಲ್ಲೂ ಮೊದಲಿನಿಂದಲೇ ಕೃತಕ ಕೆಂಪು ಇರಬಹುದು. ಅಂಥ ಕಲ್ಲಿನೊಳಗೆ ಬಾಗಿದ ಗೆರೆಗಳು ಕಾಣುತ್ತವೆ.

ಬೆಲೆಯ ಮಾತಿಗೆ ಬಂದಾಗ ತೂಕವನ್ನು ಬಿಡಿಸಿ ಕೇಳಿ. ಹಾರದ ಒಟ್ಟು ತೂಕದಲ್ಲಿ ಅರಗೂ ಸೇರಿರುತ್ತದೆ. ಅರಗಿಗೆ ಚಿನ್ನದ ಬೆಲೆ ಕೊಟ್ಟವರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಕಲ್ಲಿನ ಕ್ಯಾರೆಟ್ ಇನ್ನೂ ಸೂಕ್ಷ್ಮ. ಆರೂವರೆ ಮಿಲಿಮೀಟರ್ ಅಗಲದ ಇಂದಿನ ದುಂಡು ವಜ್ರ ಸುಮಾರು ಒಂದು ಕ್ಯಾರೆಟ್, ಅಂದರೆ 0.2 ಗ್ರಾಂ. ಅಷ್ಟೇ ಅಗಲದ ರೋಸ್ ಕಟ್ ಚಪ್ಪಟೆಯಾದ್ದರಿಂದ ಅದರ ಅರ್ಧವೂ ತೂಗದಿರಬಹುದು. ಮುಚ್ಚು ಕಟ್ಟಡದಲ್ಲಿ ಆಳ ಕಾಣುವುದಿಲ್ಲ. ಹಾಗಿರುವಾಗ ಮಾರುವವರು ‘ಹದಿನೆಂಟು ಕ್ಯಾರೆಟ್ ವಜ್ರ ಇದೆ’ ಎಂದು ಹೇಳಿದರೆ ಅದು ಅಂದಾಜೇ ಹೊರತು ತೂಕವಲ್ಲ, ಅಂದಾಜೆಂದೇ ಬರೆಯಬೇಕು. ಚಿನ್ನದ ಶುದ್ಧತೆಯನ್ನು ಎಕ್ಸ್‌ರೇ ಯಂತ್ರದಲ್ಲಿ ಎರಡು ಮೂರು ಜಾಗದಲ್ಲಿ ನೋಡಿಸಿ, ಬೆಸುಗೆ ಇರುವಲ್ಲಿ ಬೇರೆ ಅಂಕಿ ಬರುತ್ತದೆ. ಅರುವತ್ತರ ದಶಕದ ಒಡವೆಯ ಚಿನ್ನದ ಶುದ್ಧತೆ 14 ಕ್ಯಾರೆಟ್ ಎಂದು ಬಂದರೆ ಕೂಡಲೇ ಮೋಸವೆನ್ನಬೇಡಿ. 1963ರ ಜನವರಿಯ ಚಿನ್ನ ನಿಯಂತ್ರಣ ನಿಯಮ 14 ಕ್ಯಾರೆಟ್‌ಗಿಂತ ಹೆಚ್ಚಿನ ಹೊಸ ಒಡವೆ ಮಾಡುವುದನ್ನೇ ತಡೆದಿತ್ತು. ಎಷ್ಟೋ ಅಕ್ಕಸಾಲಿಗರ ಕುಲುಮೆ ಆರಿದ ಕಾಲವದು.

ಕಾಗದದ ಸಂಗತಿ ನಮ್ಮ ಜಿಲ್ಲೆಯಲ್ಲಿ ವಿಶೇಷ. 1956ರ ನವೆಂಬರ್ 1ರವರೆಗೆ ನಾವು ದಕ್ಷಿಣ ಕನ್ನಡದವರು, ಮದ್ರಾಸಿನವರು, ಆಮೇಲೆ ಕೇರಳದವರು. ಹಳೆಯ ಮನೆಗಳ ಪಾಲುಪಟ್ಟಿಗಳು, ಒಡವೆಗಳ ಚೀಟಿಗಳು ಕನ್ನಡದಲ್ಲಿವೆ. ಮೊಮ್ಮಕ್ಕಳಲ್ಲಿ ಅನೇಕರಿಗೆ ಆ ಕೈಬರಹ ಓದಲು ಬಾರದು. ಪೆಟ್ಟಿಗೆ ಒಯ್ಯುವಾಗ ಚೀಟಿಯನ್ನು ಕಸವೆಂದು ಬಿಸಾಡುತ್ತಾರೆ. ಹಾರ ಯಾವ ಮನೆಯದು, ಯಾವಾಗ ಮಾಡಿಸಿದ್ದು, ಎಷ್ಟು ಹರಳು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಮನೆಯವರಿಂದ ನೇರವಾಗಿ ಕೊಳ್ಳುವಾಗ ಪಾಲುದಾರರೆಲ್ಲರ ಸಹಿ ಇರುವ ಬರಹ ಪಡೆಯಿರಿ, ಹಣವನ್ನು ಬ್ಯಾಂಕ್ ಮೂಲಕವೇ ಕೊಡಿ. ಎರಡು ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚನ್ನು ನಗದಾಗಿ ಪಡೆಯುವಂತಿಲ್ಲ. ಗಲ್ಫ್‌ನಲ್ಲಿರುವ ಮಗಳಿಗೆಂದು ಕೊಳ್ಳುವವರಿಗೆ ಇನ್ನೊಂದು ಎಚ್ಚರಿಕೆ: ನೂರು ವರ್ಷ ದಾಟಿದ ಒಡವೆ 1972ರ ಪ್ರಾಚ್ಯವಸ್ತು ಕಾಯ್ದೆಯ ವ್ಯಾಪ್ತಿಗೆ ಬರಬಹುದು, ಅಂಥದ್ದನ್ನು ಖಾಸಗಿಯವರು ದೇಶದಾಚೆಗೆ ಒಯ್ಯುವಂತಿಲ್ಲ. ವಿಮಾನ ಟಿಕೆಟ್ ತೆಗೆಯುವ ಮೊದಲೇ ಪುರಾತತ್ತ್ವ ಸರ್ವೇಕ್ಷಣ ಇಲಾಖೆಯಲ್ಲಿ ವಿಚಾರಿಸಿ.

ಬದಿಯಡ್ಕದ ತಾಯಿ ಮಗಳು ಹಾರವನ್ನು ಹಿಂದಿರುಗಿಸಿದರು. ಮುಂಗಡ ಪೂರ್ತಿ ಸಿಗಲಿಲ್ಲ. ತಿಂಗಳು ಕಳೆದು ಮತ್ತೆ ಬಂದಾಗ ಅವರ ಕೈಯಲ್ಲಿ ಕುಂಬಳೆಯ ಬಂಧುಗಳು ಮಾರಲು ಒಪ್ಪಿದ ಒಂದು ಸಣ್ಣ ಅಡ್ಡಿಗೆ ಇತ್ತು. ಇಪ್ಪತ್ತೊಂದು ಹರಳು, ಒಂದು ಮಂಕು, ಕೊಂಡಿಯ ಬಳಿ ಸೀಸದ ಬೆಸುಗೆ. ಮಸೂರದಲ್ಲಿ ಒಂದೊಂದು ಕಲ್ಲಿನ ನಡುವೆಯೂ ಆ ಕಣ್ಣು ಕಂಡಿತು. ಪೆಟ್ಟಿಗೆಯ ಅಡಿಯ ಬಟ್ಟೆ ಎತ್ತಿದಾಗ ನಾಲ್ಕಾಗಿ ಮಡಚಿದ ಹಳದಿ ಚೀಟಿ: ‘ವಜ್ರ ಹರಳು 21, ಕೆಂಪು 2’, ಕೆಳಗೆ ಮಂಗಳೂರಿನ ಹೆಸರು. ಮಗಳು ಮಂಕಾದ ಹರಳನ್ನು ಬದಲಿಸಬೇಕೇ ಎಂದು ಕೇಳಿದಳು. ಬೇಡ, ಹಾಗೆಯೇ ತೊಟ್ಟುಕೋ ಎಂದೆ. ಕೊಂಡಿಯನ್ನು ಮಾತ್ರ ಚಿನ್ನದಲ್ಲಿ ಬೆಸೆದುಕೊಟ್ಟು, ಚೀಟಿಯನ್ನು ಮತ್ತೆ ಬಟ್ಟೆಯಡಿ ಇಟ್ಟೆ.