ಫ್ಯೂಸ್ ಕಾಯುವುದು ಯಾರನ್ನು?

ನನ್ನ ತಮ್ಮ ಚಿಕ್ಕವನಿದ್ದಾಗ ಒಂದು ತಂತಿ ತುಂಡನ್ನು ಬಗ್ಗಿಸಿ, ಅದರ ಎರಡು ತುದಿಗಳನ್ನು ಸಾಕೆಟ್ಟಿನ ಎರಡು ತೂತಿಗೂ ತುರುಕಿಬಿಟ್ಟ. ಟಪ್ ಅಂತ ಸದ್ದು, ಕಿಡಿ, ಮನೆಯೆಲ್ಲಾ ಕತ್ತಲೆ. ಸಾಕೆಟ್ಟಿನ ಮುಖ ಮಸಿ ಹಿಡಿದಿತ್ತು, ಅವನ ಬೆರಳ ತುದಿ ಸುಟ್ಟಿತ್ತು. ಸದ್ಯ ಫ್ಯೂಸ್ ಹೋಯ್ತು, ಮಗು ಉಳೀತು ಅಂದರು ಎಲ್ಲರೂ.

ಆದರೆ ಫ್ಯೂಸ್ ಹೋಗಿದ್ದು ಮಗುವಿಗೆ ಶಾಕ್ ಹೊಡೆದದ್ದಕ್ಕಲ್ಲ. ತಂತಿ ಕರೆಂಟ್ ತರುವ ಫೇಸ್ ಮತ್ತು ಅದು ವಾಪಸ್ ಹೋಗುವ ನ್ಯೂಟ್ರಲ್ ಎರಡನ್ನೂ ಮುಟ್ಟಿತ್ತು, ತಡೆಯೇ ಇಲ್ಲದ ಆ ದಾರಿಯಲ್ಲಿ ಕರೆಂಟ್ ಒಮ್ಮೆಲೇ ನುಗ್ಗಿತು, ಅದಕ್ಕೆ ಫ್ಯೂಸ್ ಕರಗಿತು. ಅದೇ ತಂತಿ ಫೇಸ್ ತೂತಿಗೆ ಮಾತ್ರ ಹೋಗಿ, ಅವನು ಒದ್ದೆ ನೆಲದ ಮೇಲೆ ಬರಿಗಾಲಲ್ಲಿ ನಿಂತಿದ್ದರೆ?

ಲೆಕ್ಕ ಹಾಕಿ ನೋಡಿ. ಒದ್ದೆಯಾದ ಮೈಯ ರೋಧ, ಅಂದರೆ ಅದು ಕರೆಂಟಿಗೆ ಒಡ್ಡುವ ತಡೆ, ಸುಮಾರು 1000 ಓಮ್. 230 ವೋಲ್ಟ್‌ಗೆ ಅದರಲ್ಲಿ ಹರಿಯುವುದು 0.23 ಆಂಪಿಯರ್, ಅಂದರೆ 230 ಮಿಲಿಆಂಪಿಯರ್. 5 ಆಂಪಿಯರ್ ಫ್ಯೂಸಿಗೆ ಇದು ಗೊತ್ತೇ ಆಗುವುದಿಲ್ಲ, ಒಂದು ಬಲ್ಬ್ ಹಾಕಿದಂತೆ ಅಷ್ಟೇ. ಮೈಗೆ ಹಾಗಲ್ಲ. 10 ಮಿಲಿಆಂಪಿಯರ್ ಆಸುಪಾಸಿನಲ್ಲೇ ಕೈಯ ಸ್ನಾಯುಗಳು ಬಿಗಿದುಕೊಳ್ಳುತ್ತವೆ, ಹಿಡಿದದ್ದನ್ನು ಬಿಡಬೇಕೆಂದರೂ ಬಿಡಲಾಗುವುದಿಲ್ಲ. 100 ಮಿಲಿಆಂಪಿಯರ್ ಎದೆಯ ಮೂಲಕ ಒಂದೆರಡು ಸೆಕೆಂಡ್ ಹರಿದರೆ ಹೃದಯ ಬಡಿಯುವುದು ಬಿಟ್ಟು ಸುಮ್ನೆ ಅದುರತೊಡಗಬಹುದು. ಫ್ಯೂಸ್ ಆಗಲಿ, ಈಗ ಅದರ ಬದಲು ಹಾಕುವ, ಕರೆಂಟ್ ಮಿತಿಮೀರಿದರೆ ತಾನೇ ಆಫ್ ಆಗುವ ಸ್ವಿಚ್ ಎಂಸಿಬಿ ಆಗಲಿ, ಇರುವುದು ಗೋಡೆಯೊಳಗಿನ ವೈರ್ ಬಿಸಿಯಾಗಿ ಬೆಂಕಿ ಹತ್ತದಿರಲಿ ಅಂತ.

ಮನುಷ್ಯರನ್ನು ಕಾಯುವುದು ಆರ್‌ಸಿಸಿಬಿ ಅನ್ನುವ ಇನ್ನೊಂದು ಸ್ವಿಚ್. ಫೇಸ್‌ನಲ್ಲಿ ಹೋದ ಕರೆಂಟ್ ಅಷ್ಟೂ ನ್ಯೂಟ್ರಲ್‌ನಲ್ಲಿ ವಾಪಸ್ ಬಂತಾ ಅಂತ ಅದು ಸದಾ ನೋಡುತ್ತಿರುತ್ತದೆ. ಮನೆಗಳಲ್ಲಿ ಹಾಕುವಂಥದ್ದು 30 ಮಿಲಿಆಂಪಿಯರ್ ಕಡಿಮೆ ಬಂದರೆ, ಅಂದರೆ ಅಷ್ಟು ಯಾರದೋ ಮೈಯಿಂದ ನೆಲಕ್ಕೆ ಇಳಿಯುತ್ತಿದ್ದರೆ, ಕಣ್ಣು ಮಿಟುಕಿಸುವಷ್ಟರಲ್ಲಿ ಲೈನ್ ಕಡಿಯುತ್ತದೆ. ಅದರ ಮೇಲೊಂದು ಟೆಸ್ಟ್ ಬಟನ್ ಇರುತ್ತದೆ, ಆಗಾಗ ಒತ್ತಿ ನೋಡಿ. ಟ್ರಿಪ್ ಆಗದಿದ್ದರೆ ಅದನ್ನು ನಂಬಬೇಡಿ, ಎಲೆಕ್ಟ್ರಿಷಿಯನ್‌ಗೆ ತೋರಿಸಿ.

ಇದಕ್ಕೂ ಒಂದು ಮಿತಿ ಇದೆ. ಮಗು ಒಂದು ಕೈಯಲ್ಲಿ ಫೇಸ್, ಇನ್ನೊಂದರಲ್ಲಿ ನ್ಯೂಟ್ರಲ್ ಹಿಡಿದು ಒಣಗಿದ ಮರದ ಸ್ಟೂಲ್ ಮೇಲೆ ನಿಂತಿದ್ದರೆ ಹೋದದ್ದೆಲ್ಲ ವಾಪಸ್ ಬರುತ್ತದೆ, ಆರ್‌ಸಿಸಿಬಿಗೆ ಸುಳಿವೇ ಸಿಗುವುದಿಲ್ಲ. ಅಲ್ಲಿ ಕೆಲಸಕ್ಕೆ ಬರುವುದು ಸಾಕೆಟ್ಟಿನ ಒಳಗಿನ ಶಟರ್. ಮೂರು ಪಿನ್ನಿನ ಪ್ಲಗ್‌ನಲ್ಲಿ ಮೇಲಿನ ಅರ್ಥ್ ಪಿನ್ ಉದ್ದ ಇರುತ್ತದಲ್ವಾ? ಎಷ್ಟೋ ಸಾಕೆಟ್‌ಗಳಲ್ಲಿ ಅದು ಮೊದಲು ಒಳಗೆ ಹೋಗಿ ಶಟರ್ ತಳ್ಳಿದ ಮೇಲೇ ಉಳಿದೆರಡು ತೂತು ತೆರೆಯುತ್ತವೆ. ಎರಡು ಪಿನ್ನಿನ ಪ್ಲಗ್ ಹಾಕಲು ನಾವು ದೊಡ್ಡವರು ಮೇಲಿನ ತೂತಿಗೆ ಪೆನ್ನು ಚುಚ್ಚಿ ಆ ಶಟರ್ ತೆಗೆಯುತ್ತೇವೆ, ಪಕ್ಕದಲ್ಲಿ ನಿಂತ ಮಗು ಅದನ್ನು ಕಣ್ಣರಳಿಸಿ ನೋಡುತ್ತಿರುತ್ತದೆ.