1850ರಲ್ಲಿದ್ದ ಏಳು ಮಕ್ಕಳು 1860ಕ್ಕೆ ಎಲ್ಲಿ ಹೋದರು?

ಪ್ರಶ್ನೆ: ಅಮೆರಿಕದ ಜಾರ್ಜಿಯಾದ ಒಂದು ಕುಟುಂಬದ ಏಳು ಮಕ್ಕಳ ಹೆಸರು 1850ರ ಜನಗಣತಿಯಲ್ಲಿ ಸಿಕ್ಕಿದೆ. 1860ರಲ್ಲಿ ಮೂವರು ಮಾತ್ರ ಇದ್ದಾರೆ, ಹೆಣ್ಣುಮಕ್ಕಳ ಸುಳಿವೇ ಇಲ್ಲ. ಉಳಿದವರನ್ನು ಹುಡುಕುವುದು ಹೇಗೆ?

ಅದಕ್ಕೂ ಮೊದಲು, ಏಳೂ ಜನ ಒಡಹುಟ್ಟಿದವರೇ ಎಂದು ನೋಡಿಕೊಳ್ಳಿ. ಸ್ವತಂತ್ರರಾಗಿದ್ದ ಪ್ರತಿಯೊಬ್ಬರ ಹೆಸರನ್ನೂ ಬರೆದುಕೊಂಡ ಮೊದಲ ಗಣತಿ 1850ರದು ನಿಜ. ಆದರೆ ಮನೆ ಯಜಮಾನನಿಗೆ ಇವರು ಏನಾಗಬೇಕು ಎಂಬ ಕಲಂ ಸೇರಿದ್ದು 1880ರಲ್ಲಿ. ಅಡ್ಡಹೆಸರು ಒಂದೇ ಇದ್ದರೂ ಅದರಲ್ಲಿ ಇಬ್ಬರು ತೀರಿಹೋದ ಚಿಕ್ಕಪ್ಪನ ಮಕ್ಕಳಿರಬಹುದು. ವಯಸ್ಸನ್ನೂ ಪೂರ್ತಿ ನಂಬಬೇಡಿ: ಎರಡು ಮೂರು ವರ್ಷ ಹೆಚ್ಚುಕಮ್ಮಿ ಬರೆದಿರುವುದು ಮಾಮೂಲು.

ಹೆಣ್ಣುಮಕ್ಕಳು ಮದುವೆಯಾಗಿ ಗಂಡನ ಅಡ್ಡಹೆಸರಿನೊಳಗೆ ಕಳೆದುಹೋಗಿರುತ್ತಾರೆ. ಅವರನ್ನು ಗಣತಿಯಲ್ಲಿ ತಡಕಾಡುವ ಬದಲು ಅಪ್ಪನ ಆಸ್ತಿ ಪಾಲಾದ ಕಡತ ತೆಗೆಸಿ. ಜಾರ್ಜಿಯಾದಲ್ಲಿ ಅದು ಆಯಾ ಕೌಂಟಿಯ (ನಮ್ಮ ಜಿಲ್ಲೆಯಂಥ ವಿಭಾಗ) ‘ಕೋರ್ಟ್ ಆಫ್ ಆರ್ಡಿನರಿ’, ಅಂದರೆ ಉಯಿಲು, ವಾರಸಿಕೆ ನೋಡುತ್ತಿದ್ದ ನ್ಯಾಯಾಲಯದ ದಾಖಲೆಗಳಲ್ಲಿರುತ್ತದೆ. ಉಯಿಲು ಬರೆಯದೆ ಸತ್ತಿದ್ದರೆ ಇನ್ನೂ ಒಳ್ಳೆಯದು, ಏಕೆಂದರೆ ಉಯಿಲಿನಲ್ಲಿ ಕೆಲವು ಮಕ್ಕಳ ಹೆಸರು ಬಿಟ್ಟುಹೋಗಬಹುದು, ಪಾಲು ಹಂಚುವಾಗ ವಾರಸುದಾರರೆಲ್ಲ ಬರಲೇಬೇಕು. ನಮ್ಮಲ್ಲಿ ಪೌತಿ ಖಾತೆಗೆ ಕೊಡುವ ವಂಶವೃಕ್ಷ ಇದ್ದಂತೆ. ಪಾಲು ಪಡೆದ ರಸೀದಿಗಳನ್ನು ಒಂದೊಂದಾಗಿ ಓದಿ. ‘ನನ್ನ ಹೆಂಡತಿ ಮೇರಿಯ ಪಾಲಿನದು’ ಎಂದು ಅಪರಿಚಿತನೊಬ್ಬ ರುಜು ಹಾಕಿದ್ದರೆ ಅವನೇ ಆ ಮನೆಯ ಅಳಿಯ. ಕಳೆದುಹೋಗಿದ್ದ ಮೇರಿಯ ಹೊಸ ಅಡ್ಡಹೆಸರು ಅಲ್ಲಿದೆ.

ಗುಲಾಮರಾಗಿದ್ದ ಕುಟುಂಬದ ಒಡಹುಟ್ಟಿದವರನ್ನು ಹುಡುಕುವವರಿಗೂ ಇಂಥ ಕಡತವೇ ಗತಿ, ಆದರೆ ಅವರ ಯಜಮಾನನದು. 1850, 1860ರ ಗುಲಾಮರ ಪಟ್ಟಿಗಳಲ್ಲಿ ಯಜಮಾನನ ಹೆಸರಿನ ಕೆಳಗೆ ಬರೀ ವಯಸ್ಸು, ಲಿಂಗ, ಬಣ್ಣ. ಅದೇ ಯಜಮಾನ ಸತ್ತಾಗ ಮಾಡಿದ ಆಸ್ತಿ ಪಟ್ಟಿಯಲ್ಲಾದರೆ ಹಸು, ಕುದುರೆಗಳ ಜೊತೆಗೆ ಅವರ ಹೆಸರನ್ನೂ ಬೆಲೆ ಕಟ್ಟಿ ಬರೆದಿರುತ್ತಾರೆ. ಯಾರು ಯಾರ ಪಾಲಿಗೆ ಹೋದರು ಎಂಬುದು ತಿಳಿದರೆ 1870ರ ಗಣತಿಯಲ್ಲಿ ಎಲ್ಲಿ ನೋಡಬೇಕೆಂದು ಗೊತ್ತಾಗುತ್ತದೆ. ಬಿಡುಗಡೆಯಾದ ಗುಲಾಮರಿಗಾಗಿ 1865ರಿಂದ 1874ರವರೆಗೆ ನಡೆದ ಫ್ರೀಡ್‌ಮನ್ಸ್ ಬ್ಯಾಂಕಿನ ಖಾತೆ ಪುಸ್ತಕಗಳಲ್ಲಂತೂ ಅಣ್ಣತಮ್ಮ, ಅಕ್ಕತಂಗಿಯರ ಹೆಸರಿಗೆಂದೇ ಜಾಗವಿತ್ತು.

ಗಂಡುಮಕ್ಕಳು ಬಹುಮಟ್ಟಿಗೆ ಪಶ್ಚಿಮಕ್ಕೆ, ಅಲಬಾಮಾ, ಮಿಸಿಸಿಪ್ಪಿ, ಟೆಕ್ಸಾಸ್ ಕಡೆಗೆ ಹೋದವರು. 1870ರ ಗಣತಿಯಲ್ಲಿ ದೊಡ್ಡ ಮಗು ಹುಟ್ಟಿದ್ದು ಜಾರ್ಜಿಯಾ, ನಡುವಿನದು ಅಲಬಾಮಾ, ಕೊನೆಯದು ಟೆಕ್ಸಾಸ್ ಎಂದಿದ್ದರೆ ಆ ಮನೆ ಬಿಡಬೇಡಿ. ಮಗ ಅಂತರ್ಯುದ್ಧದಲ್ಲಿ ದಕ್ಷಿಣದ ರಾಜ್ಯಗಳ ಪರ ಹೋರಾಡಿದ್ದರೆ, ಅವನ ಕಾನ್‌ಫೆಡರೇಟ್ ಪಿಂಚಣಿಯನ್ನು ಯುದ್ಧ ಮಾಡಿದ ರಾಜ್ಯದಲ್ಲಲ್ಲ, ಮುಪ್ಪಿನಲ್ಲಿ ನೆಲೆಸಿದ್ದ ರಾಜ್ಯದಲ್ಲಿ ಹುಡುಕಬೇಕು. ಇಲ್ಲಿ ಎಡವುವವರು ಬಹಳ.

1890ರ ಗಣತಿ ಹೆಚ್ಚೂಕಡಿಮೆ ಪೂರ್ತಿ ಇಲ್ಲ. 1921ರ ಬೆಂಕಿಯಲ್ಲಿ ಹಾಳಾಯಿತು. ಹಾಗಾಗಿ 1880ರಿಂದ ನೇರ 1900ಕ್ಕೆ ಹಾರಬೇಕು. ನಡುವಿನ ವರ್ಷಗಳಿಗೆ ಕೌಂಟಿಯ ಮದುವೆ ಮತ್ತು ತೆರಿಗೆ ಪುಸ್ತಕಗಳೇ ಆಧಾರ. 1900ರಲ್ಲಿ ತಾಯಿ ಬದುಕಿದ್ದರೆ ಅವಳ ಸಾಲಿನಲ್ಲಿ ‘ಹೆತ್ತದ್ದು 9, ಉಳಿದದ್ದು 6’ ಎಂಬಂಥ ಲೆಕ್ಕವಿರುತ್ತದೆ. ನಿಮ್ಮ ಪಟ್ಟಿಯಲ್ಲಿ ಏಳೇ ಇದ್ದರೆ ಇನ್ನಿಬ್ಬರು ಬಾಕಿ.

ಒಡಹುಟ್ಟಿದವರಲ್ಲಿ ಯಾರಾದರೂ 1919ರ ನಂತರ ಜಾರ್ಜಿಯಾದಲ್ಲಿ ಸತ್ತಿದ್ದರೆ ಮರಣ ಪ್ರಮಾಣಪತ್ರ ತರಿಸಿ. ತಾಯಿಯ ತವರಿನ ಅಡ್ಡಹೆಸರಿಗೂ ಅದರಲ್ಲಿ ಜಾಗವಿದೆ. ಮಾಹಿತಿ ಕೊಟ್ಟವರು ಯಾರೆಂದು ಮಾತ್ರ ಕೆಳಗೆ ನೋಡಿ. ಮಗಳು ಹೇಳಿದ್ದಕ್ಕೂ ಪಕ್ಕದ ಮನೆಯವರು ಹೇಳಿದ್ದಕ್ಕೂ ಒಂದೇ ತೂಕವಲ್ಲ.